ಕಂಡಕಂಡವರೆಲ್ಲ ಫ್ಯಾಸಿಸ್ಟ್

ಚಿಕ್ಕಮಗಳೂರು ಜಿಲ್ಲೆಯ ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಈಗ ಚರ್ಚೆ ಎರಡನೇ ಮಾತಿಗೇ ಮುಗಿದುಹೋಗುತ್ತದೆ. ಒಬ್ಬ ‘ಫ್ಯಾಸಿಸ್ಟ್’ ಅನ್ನುತ್ತಾನೆ, ಇನ್ನೊಬ್ಬ ‘ನಕ್ಸಲ್’ ಅನ್ನುತ್ತಾನೆ. ಅಡಿಕೆಯ ಹಳದಿ ಎಲೆ ರೋಗಕ್ಕೆ ಪರಿಹಾರ ಕೇಳಲು ಹೊರಟ ಮಾತೂ ಅಲ್ಲಿಗೇ ಬಂದು ಕೂರುತ್ತದೆ.

ಬೈಗುಳವಾಗುವ ಮೊದಲು ‘ಫ್ಯಾಸಿಸ್ಟ್’ ಎಂಬುದು ಇಟಲಿಯ ಒಂದು ಪಡೆ ಹೆಮ್ಮೆಯಿಂದ ತಾನೇ ಇಟ್ಟುಕೊಂಡ ಹೆಸರು. 1919ರಲ್ಲಿ ಮಿಲಾನ್‌ನಲ್ಲಿ ಆ ಪಡೆ ಕಟ್ಟಿದ ಮುಸೊಲಿನಿ 1922ರಲ್ಲಿ ಅಲ್ಲಿನ ಪ್ರಧಾನಿಯಾದ. ಚುನಾವಣಾ ಅಕ್ರಮವನ್ನು ಸಂಸತ್ತಿನಲ್ಲಿ ಬಯಲಿಗೆಳೆದ ಸಮಾಜವಾದಿ ಸಂಸದ ಮತ್ತೆಯೊತ್ತಿಯ ಕೊಲೆ 1924ರಲ್ಲಿ. 1926ರಲ್ಲಿ ವಿರೋಧ ಪಕ್ಷಗಳಿಗೇ ನಿಷೇಧ. ಬೀದಿಯ ದೊಣ್ಣೆಯೂ ಸರ್ಕಾರದ ಮೊಹರೂ ಒಂದೇ ಕೈಗೆ ಬಂದ ಸ್ಥಿತಿ ಅದು. ಈ ಪದ ಅರ್ಥ ಕಳೆದುಕೊಂಡಿದೆ ಎಂದು ಇಂಗ್ಲಿಷ್ ಲೇಖಕ ಜಾರ್ಜ್ ಆರ್ವೆಲ್ 1944ರಲ್ಲೇ ಗೊಣಗಿದ್ದ. ನಮ್ಮಲ್ಲಿ ಸಿಪಿಐ ಜಯಪ್ರಕಾಶ ನಾರಾಯಣರ (ಜೆಪಿ) ಚಳವಳಿಯನ್ನು ಫ್ಯಾಸಿಸ್ಟ್ ಎಂದಿತು. ತುರ್ತುಪರಿಸ್ಥಿತಿ ಹೇರಿದ ಇಂದಿರಾ ಗಾಂಧಿಗೆ ವಿರೋಧಿಗಳು ಅದೇ ಪಟ್ಟ ಕಟ್ಟಿದರು. ಆದರೂ 1978ರ ಲೋಕಸಭಾ ಉಪಚುನಾವಣೆಯಲ್ಲಿ ಚಿಕ್ಕಮಗಳೂರು ಅವರನ್ನೇ ಗೆಲ್ಲಿಸಿ ಕಳಿಸಿತು. ಬೈಗುಳ ಮತಪೆಟ್ಟಿಗೆಯ ತನಕ ಬಂದಂತಿಲ್ಲ.

ಇನ್ನು ‘ನಕ್ಸಲ್’ ಎಂಬ ಪಟ್ಟಕ್ಕೆ 2020ರ ಜನವರಿಯ ಶೃಂಗೇರಿಯನ್ನು ನೆನೆಯಿರಿ. ಜಿಲ್ಲಾ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಕಲ್ಕುಳಿ ವಿಠಲ ಹೆಗ್ಡೆ ಅಧ್ಯಕ್ಷರಾದರು. ಕುದುರೆಮುಖ ರಾಷ್ಟ್ರೀಯ ಉದ್ಯಾನದಿಂದ ಜನರನ್ನು ಒಕ್ಕಲೆಬ್ಬಿಸುವುದರ ವಿರುದ್ಧ ಹೋರಾಡಿದವರು ಅವರು. ನಕ್ಸಲ್ ನಂಟಿನ ಆರೋಪ ಹೊರಿಸಿ ಬೀದಿಯಲ್ಲಿ ಪ್ರತಿಭಟನೆ ನಡೆಯಿತು, ಆಗಿನ ಸಂಸ್ಕೃತಿ ಸಚಿವ ಸಿ.ಟಿ. ರವಿ ಆಕ್ಷೇಪಿಸಿದರು, ಅನುದಾನ ಸಿಗಲಿಲ್ಲ. ಎರಡು ದಿನದ ಸಮ್ಮೇಳನ ಒಂದೇ ದಿನಕ್ಕೆ ಮೊಟಕಾಯಿತು. ಯಾವ ನ್ಯಾಯಾಲಯವೂ ಹೇಳದ ತಪ್ಪಿಗೆ ಒಂದು ಸಾಹಿತ್ಯ ವೇದಿಕೆಗೆ ಶಿಕ್ಷೆಯಾಯಿತು. ನಮ್ಮನ್ನು ಕೇಳಿದರೆ, ಇದನ್ನೂ ಫ್ಯಾಸಿಸಂ ಎನ್ನಬೇಕಿಲ್ಲ. ಆಗಿದ್ದನ್ನು ಆಗಿದ್ದ ಹಾಗೆ ಹೇಳಿದರೆ ಸಾಕು: ಕೊಡಬೇಕಿದ್ದ ಹಣ ಕೊಡಲಿಲ್ಲ, ಆಡಬೇಕಿದ್ದ ಮಾತು ಆಡಗೊಡಲಿಲ್ಲ. ಹಾಗೆ ಹೇಳಿದಾಗ ಅಧಿಕಾರದಲ್ಲಿದ್ದವರು ಉತ್ತರ ಕೊಡಬೇಕಾಗುತ್ತದೆ. ‘ಫ್ಯಾಸಿಸ್ಟ್’ ಎಂದು ಬೈದರೆ ನಕ್ಕು ಮುಂದೆ ಹೋಗುತ್ತಾರೆ, ಅಷ್ಟೆ. ಟೋಲ್ ಕೇಳಿದವನಿಗೂ, ಹೆಲ್ಮೆಟ್ ದಂಡ ಹಾಕಿದವನಿಗೂ ಅದೇ ಬೈಗುಳ ಸಲ್ಲುವಾಗ ಹೆದರುವವರು ಯಾರು? ‘ನಕ್ಸಲ್’ ಮಾತ್ರ ಹಾಗಲ್ಲ. ನಕ್ಸಲರ, ಪೊಲೀಸರ ಗುಂಡಿನ ಸದ್ದು ಕೇಳಿದ ಈ ಊರುಗಳಲ್ಲಿ ಆ ಪಟ್ಟ ಹೊತ್ತವನ ಮನೆ ಬಾಗಿಲಿಗೆ ಪೊಲೀಸರು ಬರಬಹುದು. ಎಡದವರ ಉಡಾಫೆಗೂ ಬಲದವರ ಆರೋಪಕ್ಕೂ ಇರುವ ಈ ವ್ಯತ್ಯಾಸವನ್ನು ಮುಚ್ಚಿಡಲಾಗದು.

ಈ ಮೂರೂ ತಾಲ್ಲೂಕುಗಳಿರುವ ಶೃಂಗೇರಿ ವಿಧಾನಸಭಾ ಕ್ಷೇತ್ರದಲ್ಲಿ 2023ರ ಫಲಿತಾಂಶ ಘೋಷಣೆಯಾದಾಗ ಗೆಲುವಿನ ಅಂತರ 201 ಮತ. ಅಂದರೆ ಮತ ಹೆಚ್ಚುಕಡಿಮೆ ಸಮಪಾಲು; ಬೈಗುಳಗಳನ್ನು ನಂಬಿದರೆ ಒಂದು ಮನೆ ಬಿಟ್ಟು ಒಂದು ಮನೆ ‘ಫ್ಯಾಸಿಸ್ಟ್’, ಉಳಿದವು ‘ನಕ್ಸಲ್’. ಆದರೆ ಮಳೆ ಹಿಡಿಯುವ ಮೊದಲು ಅಡಿಕೆಗೆ ಬೋರ್ಡೊ ದ್ರಾವಣ ಹೊಡೆಯಲು, ತೋಟಕ್ಕೆ ನುಗ್ಗಿದ ಆನೆ ಓಡಿಸಲು ಈ ಮನೆಯವರು ಆ ಮನೆಯವರನ್ನೇ ಕರೆಯಬೇಕು.