ಏಟಿಗೆ ಹೆದರಿ ಓಡಿಬಂದವನಿಗೆ ಏಟೇ ಮದ್ದೆ?



ಕಳೆದ ತಿಂಗಳು ಊರ್ಡಿಗೆರೆಯ ಮದುವೆಯೊಂದರ ಊಟದ ಪಂಕ್ತಿಯಲ್ಲಿ ಹಳೆಯ ವಿದ್ಯಾರ್ಥಿಯೊಬ್ಬ ನನ್ನ ಪಕ್ಕದಲ್ಲಿ ಕುಳಿತಿದ್ದ. ತುಮಕೂರಿನ ಬಸ್ ನಿಲ್ದಾಣದ ಬಳಿ ಚಿಂದಿ ಆಯುವ ಹುಡುಗರ ಮಾತು ಬಂತು. "ಅವರಿಗೆ ನಿಮ್ಮ ಕಾಲದ ನಾಲ್ಕೇಟು ಬಿದ್ದರೆ ಸರಿಹೋಗುತ್ತಾರೆ, ಸಾರ್" ಎಂದ. ಅವನು ಹೊಗಳಿಕೆಯೆಂದೇ ಹೇಳಿದ್ದ. ನನಗೆ ತುತ್ತು ಗಂಟಲಲ್ಲಿ ಇಳಿಯಲಿಲ್ಲ. ಪಂಕ್ತಿಯಲ್ಲಿ ವಾದ ಬೇಡವೆಂದು ಸುಮ್ಮನಾದೆ. ಅಂದು ಹೇಳದೆ ಉಳಿದುದನ್ನು ಇಲ್ಲಿ ಬರೆಯುತ್ತಿದ್ದೇನೆ.

ನನ್ನ ಸೇವೆಯ ಆರಂಭದ ವರ್ಷಗಳಲ್ಲಿ ಎಂಟನೆಯ ತರಗತಿಯಲ್ಲಿ ಒಬ್ಬ ಹುಡುಗನಿದ್ದ. ಕಪ್ಪುಹಲಗೆಯ ಮೇಲೆ ಬರೆಯಲು ನಾನು ಕೈ ಎತ್ತಿದರೂ ಅವನು ಮುಖಕ್ಕೆ ತೋಳು ಅಡ್ಡ ಹಿಡಿಯುತ್ತಿದ್ದ. ಪಾಠದಲ್ಲಿ ಗಮನವಿಲ್ಲವೆಂದು ನಾನು ಬೆತ್ತ ಬೀಸಿದೆ. ಒಂದು ದಿನ ಓಡಿಹೋದ. ರೈಲು ನಿಲ್ದಾಣದಲ್ಲಿ ಸಿಕ್ಕವನನ್ನು ಕರೆತಂದು ತಂದೆಗೆ ಒಪ್ಪಿಸಿದೆವು. ಬುದ್ಧಿವಾದ ಹೇಳಿದವನು ನಾನೇ. ಹದಿನೈದು ದಿನಗಳಲ್ಲಿ ಮತ್ತೆ ಓಡಿದ, ಮರಳಲಿಲ್ಲ. ಕುಡಿದು ಬಂದ ತಂದೆ ಅವನ ಕಣ್ಣೆದುರೇ ತಾಯಿಯನ್ನು ಬಡಿಯುತ್ತಿದ್ದನೆಂಬುದು, ಅಡ್ಡಬಂದ ಅವನಿಗೂ ಬೀಳುತ್ತಿತ್ತೆಂಬುದು ಆಮೇಲೆ ನೆರೆಯವರಿಂದ ತಿಳಿಯಿತು. ಬಿ.ಇಡ್. ತರಗತಿಯಲ್ಲಿ ಮನೋವಿಜ್ಞಾನ ಓದಿದ್ದ ನನಗೆ ಎದುರಿಗಿದ್ದ ಮಗುವಿನ ಭಯವನ್ನು ಓದಲು ಬರಲಿಲ್ಲ.

ಹಿಂಸೆಯನ್ನು ಕಂಡುಂಡ ಮಗುವಿನ ಮೈಮನಸ್ಸು ಅಪಾಯ ಕಳೆದ ಮೇಲೂ ಕಾವಲು ಬಿಡುವುದಿಲ್ಲ. ಸಣ್ಣ ಸದ್ದಿಗೆ ಬೆಚ್ಚುವುದು, ನಿದ್ದೆಗೆಡುವುದು, ಹಾಸಿಗೆ ಒದ್ದೆ ಮಾಡುವುದು, ಕಾರಣವಿಲ್ಲದೆ ಸಿಡಿಯುವುದು, ಕಲ್ಲಿನಂತೆ ಕೂರುವುದು ಇವೆಲ್ಲ ಅದರ ಗುರುತುಗಳು. ನಾವೋ ಇದಕ್ಕೆಲ್ಲ ಪೋಲಿತನವೆಂದು ಹೆಸರಿಟ್ಟೆವು. ಬೀದಿಗೆ ಬಿದ್ದ ಮೇಲೆ ಅಲ್ಲಿಯ ದೊಡ್ಡವರ ಹೊಡೆತವೂ ಸೇರುತ್ತದೆ. ಸಲ್ಯೂಷನ್ ಮೂಸುವ ಹುಡುಗ ಹಸಿವನ್ನಷ್ಟೇ ಅಲ್ಲ, ನೆನಪನ್ನೂ ಮರೆಯಲು ಹೆಣಗುತ್ತಿರುತ್ತಾನೆ.

ಇದಕ್ಕೆ ಚಿಕಿತ್ಸೆಯಿದೆ. ಮೊದಲು ಸುರಕ್ಷಿತ ತಾಣ. ದಿನವೂ ಬದಲಾಗದ, ನಂಬಬಹುದಾದ ಒಬ್ಬ ಹಿರಿಯರು. ಅನಂತರ ಆಟ, ಚಿತ್ರ, ಮಾತುಗಳ ಮೂಲಕ ತನ್ನ ಭಯವನ್ನು ಗುರುತಿಸಿ ಶಮನಗೊಳಿಸುವ ಅಭ್ಯಾಸ. ನಡೆದುದನ್ನು ಹೇಳುವುದು ಅದರ ಬಳಿಕ, ಮಗುವಿಗೆ ಧೈರ್ಯ ಬಂದಾಗ. ಸಿಕ್ಕ ದಿನವೇ ನಾಲ್ಕು ಜನ ಸುತ್ತುವರಿದು "ಯಾಕೋ ಓಡಿಬಂದೆ?" ಎಂದು ಗದರುವುದು ಚಿಕಿತ್ಸೆಯಲ್ಲ, ಮತ್ತೊಂದು ಹಿಂಸೆ.

"ಅನ್ನವಿಲ್ಲದವನಿಗೆ ಮನೋವೈದ್ಯನೇಕೆ?" ಎಂದು ಕೇಳುವವರಿದ್ದಾರೆ. ಅನ್ನ, ಅಕ್ಷರ, ಆಶ್ರಯಗಳ ಬೆಲೆಯನ್ನು ಸಿದ್ಧಗಂಗೆಯ ನೆರಳಿನಲ್ಲಿ ಬೆಳೆದ ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಆದರೆ ರಾತ್ರಿಯಿಡೀ ಬೆಚ್ಚಿಬೀಳುವ ಮಗು ಆಶ್ರಯದಿಂದಲೂ ಓಡುತ್ತದೆ. "ಇದೆಲ್ಲ ಬೆಂಗಳೂರಿನವರಿಗೆ" ಎಂಬ ಮಾತೂ ಸಲ್ಲದು. ನಿಮ್ಹಾನ್ಸ್ ಸಂಸ್ಥೆಯು 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಮಾನಸಿಕ ಆರೋಗ್ಯ ಸೇವೆಯನ್ನು ಹಳ್ಳಿಗಳಿಗೆ ಒಯ್ದು ತೋರಿಸಿತು. 1996ರಲ್ಲಿ ಆರಂಭವಾದ ರಾಷ್ಟ್ರದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿಯಾಯಿತು. ನಾಲ್ಕು ದಶಕಗಳ ಹಿಂದೆ ಬಳ್ಳಾರಿಯಲ್ಲಿ ಆದುದು ಇಂದು ತುಮಕೂರಿನಲ್ಲಿ ಏಕೆ ಆಗಬಾರದು?

ಕಾನೂನೂ ನಮ್ಮ ಪರವಾಗಿಯೇ ಇದೆ. 2015ರ ಬಾಲನ್ಯಾಯ ಕಾಯ್ದೆಯಂತೆ ಇಂಥ ಮಗುವನ್ನು 24 ಗಂಟೆಗಳೊಳಗೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕು; ಮಕ್ಕಳ ಪಾಲನಾ ಸಂಸ್ಥೆಗಳು ನೀಡಬೇಕಾದ ಸೇವೆಗಳಲ್ಲಿ ಆಪ್ತಸಮಾಲೋಚನೆಯೂ ಒಂದು. ಆದರೆ ನಮ್ಮ ತೃಪ್ತಿಯೆಲ್ಲ "ಇಷ್ಟು ಮಕ್ಕಳನ್ನು ಮನೆಗೆ ಸೇರಿಸಿದೆವು" ಎಂಬ ಲೆಕ್ಕದಲ್ಲಿ ಮುಗಿಯುತ್ತದೆ. ಯಾವ ಮನೆಗೆ? ಹೊಡೆದವನ ಮನೆಗೇ ಅಲ್ಲವೇ? ಮನೆಯ ಪರಿಸ್ಥಿತಿ ಬದಲಾಗದೆ ಮಗುವನ್ನು ಅಲ್ಲಿಗೆ ಕಳುಹಿಸುವುದು ರಕ್ಷಣೆಯಲ್ಲ. ಪ್ರತಿ ಬಾಲಮಂದಿರದಲ್ಲೂ ಮಗುವಿನ ಭಾಷೆಯನ್ನು ಬಲ್ಲ ಕಾಯಂ ಆಪ್ತಸಮಾಲೋಚಕರಿರಬೇಕು. ಮನೆಗೆ ಕಳುಹಿಸಿದ ಮೇಲೂ ಹೋಗಿ ವಿಚಾರಿಸುವವರಿರಬೇಕು. ಇವೆರಡಕ್ಕಾಗಿ ನಾವು ದನಿ ಎತ್ತಬೇಕು.

ನೀವು ಅಂಥ ಮಗುವನ್ನು ಕಂಡರೆ ಗದರಬೇಡಿ. 1098ಕ್ಕೆ ಕರೆಮಾಡಿ, ಯಾರಾದರೂ ಬರುವವರೆಗೆ ಜೊತೆಗೆ ನಿಲ್ಲಿ.

ನನ್ನ ಏಟಿನಿಂದಲೇ ಉದ್ಧಾರವಾದೆವೆನ್ನುವ ಶಿಷ್ಯರು ಮದುವೆ ಮನೆಗಳಲ್ಲಿ ಆಗಾಗ ಸಿಗುತ್ತಾರೆ. ಆ ಹುಡುಗ ಮಾತ್ರ ಇದುವರೆಗೆ ಯಾವ ಪಂಕ್ತಿಯಲ್ಲೂ ಸಿಕ್ಕಿಲ್ಲ.