ಒಕ್ಕಲು ಎಣಿಸುವ ದೇವರು

2001ರಲ್ಲಿ ಬಂದ ‘ಬ್ಲ್ಯಾಕ್ ಆ್ಯಂಡ್ ವೈಟ್’ ಎಂಬ ಕಂಪ್ಯೂಟರ್ ಆಟವನ್ನು ಇವತ್ತಿಗೂ ಹೊಗಳುವವರಿದ್ದಾರೆ. ಪೀಟರ್ ಮಾಲಿನ್ಯೂ ಅವರ ಲಯನ್‌ಹೆಡ್ ಸ್ಟುಡಿಯೋಸ್ ಇಂಗ್ಲೆಂಡಿನಲ್ಲಿ ರೂಪಿಸಿದ ಆಟ. ಅದರಲ್ಲಿ ಆಡುವವರೇ ದೇವರು. ಒಳ್ಳೆಯ ದೇವರಾಗುವುದೋ ಕೆಟ್ಟ ದೇವರಾಗುವುದೋ ನಮಗೆ ಬಿಟ್ಟದ್ದು, ಆದ್ದರಿಂದ ಇದು ನೀತಿಯ ಆಟ ಎನ್ನುತ್ತಾರೆ. ನನ್ನ ತಕರಾರು ಈ ಹೊಗಳಿಕೆಯ ಮೇಲೆಯೇ.

ಆಟದ ಲೆಕ್ಕ ನೋಡಿ. ಒಂದು ಹಳ್ಳಿ ನಿಮ್ಮದಾಗಬೇಕಾದರೆ ಅಲ್ಲಿಯವರ ನಂಬಿಕೆ ಇಂತಿಷ್ಟು ಅಂಕ ಮುಟ್ಟಬೇಕು. ಹೊಲಕ್ಕೆ ಮಳೆ ಸುರಿಸಿದರೂ ಅಂಕ ಏರುತ್ತದೆ, ಬೆಂಕಿಯುಂಡೆ ಎಸೆದರೂ ಏರುತ್ತದೆ. ತೋರಿಸಿದ್ದನ್ನೇ ತೋರಿಸಿದರೆ ಜನಕ್ಕೆ ಬೇಸರ. ಆಗ ಹೊಸ ಪವಾಡ ಬೇಕು. ಕೃತಜ್ಞತೆ, ಭಯ ಎರಡೂ ಒಂದೇ ಖಾತೆಗೆ ಜಮಾ. ಕೆಟ್ಟವರಾದರೆ ನಿಮ್ಮ ಕೈ, ನಿಮ್ಮ ದೇಗುಲ ವಿಕಾರವಾಗುತ್ತವೆ ನಿಜ. ಬಣ್ಣ ಬದಲಾಯಿತು, ಗೆಲುವಿನ ಅಳತೆ ಬದಲಾಗಲಿಲ್ಲ.

‘ಆಟವೆಂದ ಮೇಲೆ ಅಂಕ ಬೇಡವೇ?’ ಎಂದು ನೀವು ಕೇಳಬಹುದು. ಬೇಕು. ಆದರೆ ಚದುರಂಗ ಯಾರ ಗುಣವನ್ನೂ ತೂಗಲು ಹೋಗುವುದಿಲ್ಲ. ಈ ಆಟ ಹೋಗುತ್ತದೆ.

ಇಲ್ಲಿನ ‘ಫಾಲೋವರ್’ಗೆ ಕನ್ನಡದಲ್ಲಿ ಏನನ್ನಬೇಕು? ‘ಭಕ್ತ’ ಎಂದರೆ ಪ್ರೀತಿ ಬಂತು. ‘ಅನುಯಾಯಿ’ ಎಂದರೆ ಒಪ್ಪಿಗೆ ಬಂತು. ‘ಒಕ್ಕಲು’ ಹತ್ತಿರ ಎನಿಸುತ್ತದೆ. ಜಮೀನುದಾರನಿಗೂ ಒಕ್ಕಲು, ದೇವರಿಗೂ ಒಕ್ಕಲು. ಆದರೆ ಅದೂ ಪೂರ್ತಿ ಹೊಂದುವುದಿಲ್ಲ. ಮಲೆ ಮಾದೇಶ್ವರ ಕಾವ್ಯದ ಮಾದಪ್ಪ ಪವಾಡವನ್ನೂ ಮಾಡುತ್ತಾನೆ, ಶಿಕ್ಷೆಯನ್ನೂ ಕೊಡುತ್ತಾನೆ. ಅವನೇನು ಸೌಮ್ಯ ದೇವರಲ್ಲ. ಆದರೂ ಭಿಕ್ಷೆಗೆ ಬಂದ ಅವನಿಗೆ ಇಕ್ಕೇರಿ ದೇವಮ್ಮ ಇಲ್ಲ ಎನ್ನುತ್ತಾಳೆ. ಕೊನೆಗೆ ಸೋಲುವವಳು ಅವಳೇ, ಆದರೆ ನೀಲಗಾರರು... ಕಂಸಾಳೆಯವರು ಅವಳ ಎದುರುಮಾತನ್ನೂ ಬಿಡದೆ ಹಾಡುತ್ತಾರೆ. ಆಟದ ಹಳ್ಳಿಗರು ಒಬ್ಬ ದೇವರನ್ನು ಬಿಟ್ಟು ಇನ್ನೊಬ್ಬನ ಕಡೆ ವಾಲಬಲ್ಲರು, ಅದೂ ಇನ್ನಷ್ಟು ದೊಡ್ಡ ಪವಾಡ ಕಂಡಾಗ. ದೇವರೇ ಬೇಡ ಎನ್ನುವ ದಾರಿ ಅವರಿಗಿಲ್ಲ.

ನನ್ನ ಮಟ್ಟಿಗೆ ಕೆಡುಕು ಶುರುವಾಗುವುದು ಬೆಂಕಿಯುಂಡೆಯಿಂದಲ್ಲ, ಇನ್ನೊಬ್ಬರ ನಂಬಿಕೆಯನ್ನು ನಮ್ಮ ಆಸ್ತಿಯೆಂದು ಎಣಿಸುವಲ್ಲಿ. ಮಳೆ ಸುರಿಸುವ ದೇವರೂ ಅದನ್ನೇ ಮಾಡುತ್ತಾನೆ. ಈಗ ನಮ್ಮ ಫೋನುಗಳಲ್ಲೂ ‘ಫಾಲೋವರ್’ ಲೆಕ್ಕ ಇದೆ. ಅಲ್ಲೂ ಮೆಚ್ಚಿ ಬಂದವರು, ಸಿಟ್ಟಿಗೆ ಬಂದವರು ಒಂದೇ ಮೊತ್ತದಲ್ಲಿ ಸೇರುತ್ತಾರೆ.

ಆಟ ಶುರುವಾಗುವುದು ಸಮುದ್ರದಲ್ಲಿ ಸಿಕ್ಕಿಕೊಂಡ ಮಗುವಿಗಾಗಿ ಅಪ್ಪ ಅಮ್ಮ ಇಡುವ ಮೊರೆಯಿಂದ. ಆ ಮೊರೆಗೇ ದೇವರು ಹುಟ್ಟುತ್ತಾನೆ. ಅವರು ಕೇಳಿದ್ದು ಮಗುವನ್ನು. ಮಗು ದಡ ಸೇರಿದ ಮೇಲೂ ನಾನು ಇಲ್ಲಿರಬೇಕೇ ಎಂದು ದೇವರಿಂದ ಕೇಳಿಸಿದ್ದರೆ, ಅದನ್ನು ನೀತಿಯ ಆಟ ಎಂದು ನಾನೂ ಒಪ್ಪುತ್ತಿದ್ದೆ.