ಸ್ಟಿಯರಿಂಗ್ ಅದುರಿದ್ರೆ ರಿಯಲ್ ಅಂತೆ!

ಫೋರ್ಸ್ ಫೀಡ್‌ಬ್ಯಾಕ್ ವೀಲ್ ತಗೊಂಡೋರು ಮೊದಲು ಮಾಡೋ ಕೆಲಸ, ಎಲ್ಲಾ ಸ್ಲೈಡರನ್ನೂ 100ಕ್ಕೆ ಎಳೆಯೋದು. ಕೈ ಅದುರಿದ್ರೆ ರಿಯಲ್ ಅಂತೆ. ಮಣ್ಣು!

ನಮ್ಮ ತಿಪಟೂರು ಕಡೆ ಅಟ್ಟದ ಕಾಯಿ ಕೊಬ್ಬರಿ ಆಯ್ತಾ ಅಂತ ಕಿವಿ ಹತ್ರ ಅಲ್ಲಾಡಿಸಿ ನೋಡ್ತೀವಿ. ಪಕ್ಕದಲ್ಲಿ ಜಾತ್ರೆ ಮೈಕು ಅರಚ್ತಿದ್ರೆ ಏನ್ ಕೇಳುತ್ತೆ?

ಇದೂ ಹಾಗೇ. ಮುಂದಿನ ಟೈರು ಹಿಡಿತ ಬಿಡೋ ಹೊತ್ತಿಗೆ ಸ್ಟಿಯರಿಂಗ್ ಹಗುರ ಆಗುತ್ತೆ. ಆ ಸುಳಿವಿಗೇ ಅಲ್ವಾ ದುಡ್ಡು ಕೊಟ್ಟಿದ್ದು? ಮೋಟರಿನ ಶಕ್ತಿ ಮೀರಿ ಗೇನ್ ಏರಿಸಿದ್ರೆ ಕ್ಲಿಪ್ಪಿಂಗ್. ಭಾರ ಒಂದೇ ಸಮ, ಸುಳಿವು ಮಾಯ.

'ಅಸೆಟ್ಟೊ ಕೋರ್ಸಾ'ದ (2014) ಕರ್ಬ್, ರೋಡ್, ಸ್ಲಿಪ್ ಎಫೆಕ್ಟುಗಳು ಮೇಲೆ ಹಾಕಿದ ಒಗ್ಗರಣೆ. ಸೊನ್ನೆ ಮಾಡಿ. ವೇಗದ ತಿರುವಲ್ಲಿ ಕ್ಲಿಪ್ಪಿಂಗ್ ನಿಲ್ಲೋವರೆಗೂ ಗೇನ್ ಇಳಿಸಿ. ಲಾಜಿಟೆಕ್ ಜಿ29 ಥರದ ಗೇರ್ ವೀಲಿಗೆ ಮಿನಿಮಮ್ ಫೋರ್ಸ್ ಚೂರು ಕೊಡಿ.

ಇಷ್ಟೂ ಮಾಡದೆ "ಇನ್ನೂ ದುಬಾರಿ ವೀಲ್ ತಗೋ" ಅಂತ ತುರುವೇಕೆರೆ ಹುಡುಗರ ಮನೆ ಕೊಬ್ಬರಿ ದುಡ್ಡು ಖಾಲಿ ಮಾಡಿಸಬೇಡಿ ಸ್ವಾಮಿ.